ಶಾಸಕರ ಕೈಗೆ ಹೋಗುವ ಊರಿನ ಬೇಡಿಕೆ ಪಟ್ಟಿ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಈ ಸೇವೆ ಹೇಗಿದೆ?

ಅಧಿವೇಶನದ ದಿನಾಂಕ ಪ್ರಕಟವಾಯಿತೆಂದರೆ ಪಾಲಿಕೆ, ನಗರಸಭೆಗಳ ಕೌನ್ಸಿಲ್ ಶಾಖೆಯಲ್ಲಿ ಟೈಪಿಂಗ್ ಶುರುವಾಗುತ್ತದೆ. ಮೇಲೆ ‘ನಗರದ ಅಭಿವೃದ್ಧಿಗೆ ಸಂಬಂಧಿಸಿದ ಬೇಡಿಕೆಗಳು’ ಎಂಬ ತಲೆಬರಹ. ಕೆಳಗೆ ಕ್ರಮಸಂಖ್ಯೆ, ವಿವರ, ಬೇಕಾದ ಅನುದಾನ ಎಂಬ ಮೂರು ಕಲಂ. ಶಾಸಕರಿಗೊಂದು ಪ್ರತಿ, ವಿಧಾನ ಪರಿಷತ್ ಸದಸ್ಯರಿಗೊಂದು, ಜಿಲ್ಲಾ ಉಸ್ತುವಾರಿ ಸಚಿವರಿಗೊಂದು. ಹಾರ ಹಾಕಿ, ಮನವಿ ಕೊಟ್ಟು, ಫೋಟೊ ತೆಗೆಸಿದರೆ ಆ ಹಂಗಾಮಿನ ಕೆಲಸ ಮುಗಿಯಿತು.

ಮನೆ ಕಂದಾಯ ಕಟ್ಟುವವರಿಗೆ ಸ್ಥಳೀಯ ಸಂಸ್ಥೆ ಕೊಡುವ ಸೇವೆಗಳಲ್ಲಿ ಈ ಪಟ್ಟಿಯೂ ಒಂದು. ನಲ್ಲಿ ನೀರು, ಕಸದ ಗಾಡಿ, ಬೀದಿ ದೀಪಗಳನ್ನು ಒರೆಗೆ ಹಚ್ಚುವ ಹಾಗೆ ಇದನ್ನೂ ಹಚ್ಚಬೇಕು. ಇಲ್ಲಿ ಯಾವುದೇ ಒಂದು ಕಚೇರಿಯ ಹೆಸರು ಹಿಡಿದು ಮಾತಾಡುತ್ತಿಲ್ಲ. ಈ ಮೂರು ಜಿಲ್ಲೆಗಳ ಕಡೆ ಇಂಥ ಪಟ್ಟಿಗಳು ಸಾಮಾನ್ಯವಾಗಿ ಯಾವ ಮಾದರಿಯಲ್ಲಿ ಹೊರಡುತ್ತವೋ ಆ ಮಾದರಿಯನ್ನು ಅಳೆಯುತ್ತಿದ್ದೇವೆ. ಐದಕ್ಕೆ ಎರಡು ಅಂಕ ಕೊಡಬಹುದು. ಊರಿನ ಸಂಕಟ ಯಾವುದೆಂದು ಗುರುತಿಸುವುದರಲ್ಲಿ ಪಟ್ಟಿ ಎಡವುವುದಿಲ್ಲ, ಎರಡು ಅಂಕ ಬಂದಿರುವುದು ಅದಕ್ಕೇ. ಆ ಸಂಕಟ ಯಾರ ಮೇಜಿನ ಮೇಲೆ, ಯಾವ ಕಾಗದದಿಂದ ಬಗೆಹರಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ, ಮೂರು ಅಂಕ ಹೋಗಿರುವುದು ಅಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಶಾಸಕರನ್ನು ಹೊರಗಿನ ದೊರೆಯಂತೆ ಕಂಡು ‘ದಯಮಾಡಿ ಕೃಪೆ ತೋರಬೇಕು’ ಎಂದು ಬರೆಯುವ ರೂಢಿ ಇದೆ. ಕಾನೂನು ಹೇಳುವುದೇ ಬೇರೆ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲೂ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲೂ ಆ ಊರಿನ ಶಾಸಕರು, ಸಂಸದರು ಕೌನ್ಸಿಲ್‌ನ ಸದಸ್ಯರೇ. ಮೇಯರ್, ಅಧ್ಯಕ್ಷರ ಆಯ್ಕೆಯಲ್ಲಿ ಅವರೂ ಮತ ಹಾಕುತ್ತಾರೆ. ಅಂದರೆ ಠರಾವು ಪಾಸಾಗುವ ಸಭೆಯಲ್ಲೇ ಅವರನ್ನು ಕೂರಿಸಿಕೊಂಡು, ‘ಈ ಮೂರು ವಿಷಯ ಸದನದಲ್ಲಿ ನಿಮ್ಮ ಜವಾಬ್ದಾರಿ’ ಎಂದು ನಡವಳಿಯಲ್ಲಿ ಬರೆಸಬಹುದು. 39 ವಾರ್ಡುಗಳ ಬಳ್ಳಾರಿ ಪಾಲಿಕೆಯ ವ್ಯಾಪ್ತಿ ಬಳ್ಳಾರಿ ನಗರ, ಬಳ್ಳಾರಿ ಗ್ರಾಮೀಣ ಎಂಬ ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಒಂದೇ ಪ್ರತಿಯನ್ನು ಇಬ್ಬರಿಗೂ ಕೊಟ್ಟರೆ ಅದು ಇಬ್ಬರದೂ ಅಲ್ಲದ ಕೆಲಸವಾಗುತ್ತದೆ. ಯಾವ ವಾರ್ಡಿನ ಯಾವ ಕೆಲಸ ಯಾರದು ಎಂದು ಬೇರೆ ಮಾಡಿ ಕೊಡಬೇಕು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೇ ಆರಿಸುವಂಥವು. ರಾಯಚೂರು ಮತ್ತು ಕೊಪ್ಪಳ ಸೇರಿ ಅಂಥ ಒಂದು ಕ್ಷೇತ್ರ. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ ಸದಸ್ಯರ ಮತದಿಂದಲೇ ಗೆದ್ದು ಹೋದವರಿಗೆ ಪಟ್ಟಿಯ ಬರೀ ಜೆರಾಕ್ಸ್ ಪ್ರತಿ ಮುಟ್ಟಿಸಿ ಸುಮ್ಮನಾಗುವುದು ಇದ್ದ ದಾರಿಯನ್ನು ಮುಚ್ಚಿಕೊಂಡ ಹಾಗೆ.

ಈಗ ಪಟ್ಟಿಯ ಒಳಗೆ ಬರೋಣ. ರಸ್ತೆ, ಚರಂಡಿ, ಏಮ್ಸ್, ರೈಲು, ಪೌರಕಾರ್ಮಿಕರ ಹುದ್ದೆ, ಜಲಾಶಯದ ಹೂಳು, ಹೈಮಾಸ್ಟ್ ದೀಪ ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ತೂಕದಲ್ಲಿ ಕೂತಿರುತ್ತವೆ. ಹೈಮಾಸ್ಟ್ ದೀಪಕ್ಕೆ ಸದನ ಬೇಡ, ವರ್ಷಕ್ಕೆ 2 ಕೋಟಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೇ ಸಾಕು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇನಲ್ಲಿ ಶುರುವಾದ ಧರಣಿ ಎಷ್ಟು ದೀರ್ಘವಾಗಿ ನಡೆದಿದೆ ಎಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಬೇಡಿಕೆ ನ್ಯಾಯವಾದದ್ದೇ. ಆದರೆ ಏಮ್ಸ್ ಮಂಜೂರು ಮಾಡುವುದು ಕೇಂದ್ರ. ರಾಜ್ಯದ ಶಾಸಕರು ಮಾಡಬಹುದಾದದ್ದು ರಾಜ್ಯ ಸರ್ಕಾರದ ಶಿಫಾರಸು ಸಡಿಲವಾಗದಂತೆ ಕಾಯುವುದು, ಜಾಗ, ನೀರು, ವಿದ್ಯುತ್, ರಸ್ತೆಯ ದಾಖಲೆ ಸಿದ್ಧವಿದೆ ಎಂದು ಸರ್ಕಾರದಿಂದ ಲಿಖಿತವಾಗಿ ಹೇಳಿಸುವುದು. ಪಟ್ಟಿಯಲ್ಲಿ ‘ಏಮ್ಸ್ ಮಂಜೂರು ಮಾಡಿಸಬೇಕು’ ಎಂದಷ್ಟೇ ಇದ್ದರೆ ಶಾಸಕರು ‘ಕೇಂದ್ರಕ್ಕೆ ಬರೆದಿದ್ದೇವೆ’ ಎಂದು ಒಂದು ಸಾಲಿನಲ್ಲಿ ಕೈ ತೊಳೆದುಕೊಳ್ಳಲು ದಾರಿಯಾಗುತ್ತದೆ.

ನವಲಿ ಸಮತೋಲನ ಜಲಾಶಯದ್ದೂ ಇದೇ ಕಥೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಅದು 105.788ಕ್ಕೆ ಇಳಿದಿದೆ. ಆ 27 ಟಿಎಂಸಿ ನಷ್ಟವನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ನೀರು ನಿಲ್ಲಿಸುವ ಯೋಜನೆ. ನದಿಯ ನೀರಿನಲ್ಲಿ ಆಂಧ್ರ, ತೆಲಂಗಾಣಕ್ಕೂ ಪಾಲಿದೆ, ಅಣೆಕಟ್ಟು ತುಂಗಭದ್ರಾ ಮಂಡಳಿಯ ಸುಪರ್ದಿಯಲ್ಲಿದೆ. ಹಾಗಾಗಿ ನಗರಸಭೆಯ ಪಟ್ಟಿಯಲ್ಲಿ ‘ನವಲಿ ಜಲಾಶಯ ನಿರ್ಮಿಸಬೇಕು’ ಎಂದು ಬರೆಯುವುದಕ್ಕಿಂತ ‘ಅಂತರರಾಜ್ಯ ಮಾತುಕತೆ ಎಲ್ಲಿಗೆ ಬಂದಿದೆ, ಕೊನೆಯ ಪತ್ರ ಯಾವ ತಾರೀಕಿನದು’ ಎಂದು ಸದನದಲ್ಲಿ ಕೇಳಿಸುವುದು ಕೆಲಸಕ್ಕೆ ಬರುವ ಸಾಲು. 2024ರ ಆಗಸ್ಟ್ 10ರಂದು 19ನೇ ಕ್ರಸ್ಟ್ ಗೇಟು ಕೊಚ್ಚಿಹೋಗಿ ತುಂಬಿದ ಜಲಾಶಯದ ನೀರು ಹರಿದುಹೋಗುವುದನ್ನು ಕಂಡ ಜನ ನಾವು. ಆ ಅಣೆಕಟ್ಟಿನ 33 ಗೇಟುಗಳ ಬಗ್ಗೆ ಕೇಳುವ ಹಕ್ಕು ಊರಿನ ಕೌನ್ಸಿಲ್‌ಗೂ ಇದೆ, ಯಾಕೆಂದರೆ ಊರಿನ ನಲ್ಲಿಗೂ ಅದೇ ನೀರು.

ಕುಡಿಯುವ ನೀರಿನ ಸಾಲನ್ನೇ ತೆಗೆದುಕೊಂಡು ಪಟ್ಟಿಯಲ್ಲಿ ಬರೆಯುವ ರೀತಿಯನ್ನೂ ಬರೆಯಬೇಕಾದ ರೀತಿಯನ್ನೂ ನೋಡಬಹುದು. ಸಾಮಾನ್ಯವಾಗಿ ಇರುವುದು ಹೀಗೆ: ‘ನಗರಕ್ಕೆ ಶಾಶ್ವತ ಕುಡಿಯುವ ನೀರಿನ ಯೋಜನೆ, ಅಗತ್ಯ ಅನುದಾನ 200 ಕೋಟಿ.’ ಈ 200 ಎಲ್ಲಿಂದ ಬಂತು ಎಂದು ಕೇಳಿದರೆ ಹೇಳುವವರಿಲ್ಲ. ಲೆಕ್ಕ ಕಷ್ಟದ್ದಲ್ಲ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಅಂಗೀಕೃತ ಮಾನದಂಡ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರ 4 ಲಕ್ಷ ದಾಟಿತ್ತು. ಆ ಹಳೆಯ 4 ಲಕ್ಷವನ್ನೇ ಹಿಡಿದರೂ ದಿನಕ್ಕೆ 5.4 ಕೋಟಿ ಲೀಟರ್, ಅಂದರೆ 54 ಎಂಎಲ್‌ಡಿ ಮನೆ ಮುಟ್ಟಬೇಕು. ಕೊಳವೆಯಲ್ಲಿ ಶೇ 15 ಸೋರಿಕೆ ಎಂದು ಹಿಡಿದರೆ ಶುದ್ಧೀಕರಣ ಘಟಕದಿಂದ ಹೊರಡಬೇಕಾದದ್ದು 63.5 ಎಂಎಲ್‌ಡಿ. ಕೆರೆಗೆ ನೀರು ತರುವ ಕಾಲುವೆ 90 ದಿನ ಬಂದ್ ಆಯಿತೆಂದುಕೊಳ್ಳಿ. ಕೆರೆಯಲ್ಲಿ ಬೇಕಾದ ಸಂಗ್ರಹ 571 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್, ಹಾಗಾಗಿ ಇದು ಸುಮಾರು 0.2 ಟಿಎಂಸಿ. ಇದರ ಮೇಲೆ ಬಳ್ಳಾರಿಯ ಬಿಸಿಲಿಗೆ ಆವಿಯಾಗುವುದು, ಕೆರೆಯ ತಳದಲ್ಲಿ ಪಂಪಿಗೆ ಸಿಗದೆ ಉಳಿಯುವುದು ಬೇರೆ. ಊರಿಗೆ ನೀರು ಕೊಡುವ ಅಲ್ಲೀಪುರ, ಮೋಕಾ ಕೆರೆಗಳಲ್ಲಿ ಈಗ ಹೂಳು ಕಳೆದು ನಿಜವಾಗಿ ಎಷ್ಟು ನಿಲ್ಲುತ್ತದೆ ಎಂದು ಅಳೆಸಿ, ಈ ಅಂಕಿಯಿಂದ ಅದನ್ನು ಕಳೆದರೆ ಉಳಿಯುವುದೇ ಕೊರತೆ. ಬೇಡಿಕೆ ಪಟ್ಟಿಯಲ್ಲಿ ಬರಬೇಕಾದದ್ದು ಆ ಕೊರತೆಯ ಅಂಕಿ, ಅದರ ಪಕ್ಕದಲ್ಲಿ ಹೂಳೆತ್ತಲು ಎಷ್ಟು, ಹೊಸ ಕೆರೆಗೆ ಎಷ್ಟು, ಸೋರುವ ಕೊಳವೆ ಬದಲಿಸಲು ಎಷ್ಟು ಎಂಬ ವಿಂಗಡಣೆ.

ಹೀಗೆ ವಿಂಗಡಿಸಿದ ಕೂಡಲೇ ಇನ್ನೊಂದು ಸಂಗತಿ ಕಾಣುತ್ತದೆ. ಕಾಲುವೆ ನಿಲ್ಲಿಸುವ ಮುಂಚೆ ಕೆರೆ ತುಂಬಿಸಲು ನೀರು ಬಿಡಿಸುವುದಕ್ಕೆ ಸದನವೂ ಬೇಡ, ಹಣವೂ ಬೇಡ. ಅದು ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯ, ಜನ ಐಸಿಸಿ ಎನ್ನುವ ಸಭೆಯ ತೀರ್ಮಾನ. ಆ ಸಮಿತಿಯಲ್ಲಿ ಅಚ್ಚುಕಟ್ಟಿನ ಶಾಸಕರು ಇರುತ್ತಾರೆ. ಸಭೆಗೆ ಮುಂಚೆ ಅವರ ಕೈಗೆ ಅರ್ಧ ಪುಟ ಕೊಟ್ಟರೆ ಸಾಕು: ಇಂದು ಕೆರೆಯ ಮಟ್ಟ ಇಷ್ಟು ಅಡಿ, ದಿನದ ಖರ್ಚು ಇಷ್ಟು, ಇಂಥ ತಾರೀಕಿಗೆ ಖಾಲಿ, ಕಾಲುವೆ ನಿಲ್ಲುವ ಮುಂಚೆ ಇಷ್ಟು ದಿನ ಇಷ್ಟು ಕ್ಯುಸೆಕ್ ಬೇಕು. ರಾಯಚೂರು ಎಡದಂಡೆ ಕಾಲುವೆಯ ಬಾಲದಲ್ಲಿದೆ. ಅಲ್ಲಿಯ ಅರ್ಧ ಪುಟದಲ್ಲಿ ಇನ್ನೊಂದು ಸಾಲು ಸೇರಬೇಕು, ಕಾಲುವೆಯ ಮೇಲ್ಭಾಗದಲ್ಲಿ ನೀರಿನ ಮಟ್ಟ ಅಳೆಯುವ ಗೇಜಿನಲ್ಲಿ ಎಷ್ಟು ಅಡಿ ಕಾಯ್ದುಕೊಂಡರೆ ಕೆಳಗೆ ರಾಂಪುರ ಕೆರೆಯವರೆಗೆ ನೀರು ತಲುಪುತ್ತದೆ ಎಂದು. 2022ರಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಊರು ಅದು. ಅಲ್ಲಿಂದ ಹೊರಡುವ ಯಾವ ಪಟ್ಟಿಯಲ್ಲೂ ಶುದ್ಧೀಕರಣ ಘಟಕದ ಮರಳು ಬದಲಿಸಿದ ತಾರೀಕು, ಕ್ಲೋರಿನ್ ಪರೀಕ್ಷೆಯ ದಾಖಲೆ, ಘಟಕ ನಡೆಸಲು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಎಂಬ ನಾಲ್ಕು ವಿವರ ಇಲ್ಲದೆ ‘ನೀರು’ ಎಂಬ ಶಬ್ದ ಬರಬಾರದು.

ಹಣದ ಮೂಲದ ವಿಷಯದಲ್ಲೂ ಪಟ್ಟಿಗಳು ಸೋಮಾರಿ. ‘ಸರ್ಕಾರದಿಂದ ವಿಶೇಷ ಅನುದಾನ’ ಎಂದು ಬರೆದರೆ ಅದು ಆರ್ಥಿಕ ಇಲಾಖೆಯ ಸಹಮತಿಗೆ ಹೋಗಿ ಕೂರುತ್ತದೆ. ಈ ಭಾಗಕ್ಕೆ ಇದಲ್ಲದೆ ಎರಡು ಹುಂಡಿಗಳಿವೆ. ಒಂದು, ಸಂವಿಧಾನದ 371ಜೆ ಕಲಮಿನ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಇದಕ್ಕೆ 2023–24ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ. ತಾಲ್ಲೂಕುವಾರು ಹಂಚಿಕೆಗೆ 2002ರ ನಂಜುಂಡಪ್ಪ ಸಮಿತಿಯ ಹಿಂದುಳಿದಿರುವಿಕೆಯ ಸೂಚ್ಯಂಕ ಆಧಾರ. ಹಾಗಾಗಿ ಇಲ್ಲಿಗೆ ಕೊಡುವ ಪ್ರಸ್ತಾವದಲ್ಲಿ ತಾಲ್ಲೂಕಿನ ಸೂಚ್ಯಂಕವನ್ನು ಉಲ್ಲೇಖಿಸದಿದ್ದರೆ ಕೈಯಲ್ಲಿದ್ದ ವಾದವನ್ನೇ ಬಿಟ್ಟುಕೊಟ್ಟಂತೆ. ಇನ್ನೊಂದು, ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಕಾಯ್ದೆಗೆ ಬಂದ 2015ರ ತಿದ್ದುಪಡಿಯ ನಂತರ ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಇದಕ್ಕೆ ಕಟ್ಟಬೇಕು. ಸಂಡೂರಿನ ಅದಿರು, ಹಟ್ಟಿಯ ಚಿನ್ನ ಇರುವ ಜಿಲ್ಲೆಗಳಿಗೆ ಇದು ಸಣ್ಣ ಮೊತ್ತವಲ್ಲ. ಆಡಳಿತ ಮಂಡಳಿಯಲ್ಲಿ ಶಾಸಕರೂ ಸದಸ್ಯರು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಯ ವಲಯಕ್ಕೆ ಕನಿಷ್ಠ ಶೇ 60 ಇಡಬೇಕಿತ್ತು, 2024ರ ಪರಿಷ್ಕೃತ ಮಾರ್ಗಸೂಚಿ ಅದನ್ನು ಶೇ 70 ಮಾಡಿತು. ಅಂದರೆ ‘ಸ್ವಾಗತ ಕಮಾನು’ ಕೇಳಿದರೆ ಸಿಗದು, ‘ಗಣಿ ಲಾರಿ ಓಡಾಡುವ ದಾರಿಯ ಬಡಾವಣೆಗಳಿಗೆ ನೀರಿನ ಕೊಳವೆ’ ಎಂದು ಕೇಳಿದರೆ ತಳ್ಳಿಹಾಕುವುದು ಕಷ್ಟ. ಜಾಗ ಗಣಿಬಾಧಿತ ಪ್ರದೇಶದ ಪಟ್ಟಿಯಲ್ಲಿದೆ ಎಂಬ ದೃಢೀಕರಣ ಮಾತ್ರ ಮೊದಲ ಪುಟದಲ್ಲೇ ಇರಲಿ.

ಇಲ್ಲಿ ಪದೇ ಪದೇ ಆಗುವ ಎಡವಟ್ಟು, ಒಂದೇ ಕಾಮಗಾರಿಯನ್ನು ಮಂಡಳಿಗೂ ಪ್ರತಿಷ್ಠಾನಕ್ಕೂ ರಾಜ್ಯದ ನಗರೋತ್ಥಾನ ಯೋಜನೆಗೂ ಬರೆದು ಕಳಿಸುವುದು. ಯಾವುದಾದರೂ ಒಂದು ಬರಲಿ ಎಂಬ ಆಸೆ. ಆಗುವುದು ಉಲ್ಟಾ: ‘ಬೇರೆ ಲೆಕ್ಕ ಶೀರ್ಷಿಕೆಯಡಿ ಪ್ರಸ್ತಾಪವಾಗಿದೆ’ ಎಂದು ಎಲ್ಲ ಕಡೆಯೂ ಕಡತ ವಾಪಸಾಗುತ್ತದೆ. ಜೊತೆಗೆ ಮೂರು ವರ್ಷದ ಹಿಂದಿನ ಎಸ್‌ಆರ್ (ಸರ್ಕಾರಿ ದರಪಟ್ಟಿಯ) ದರದಲ್ಲಿ ಮಾಡಿದ ಅಂದಾಜು ಪಟ್ಟಿ, ಪಹಣಿಯಲ್ಲಿ ಇನ್ನೂ ಖಾಸಗಿಯವರ ಹೆಸರಿರುವ ಜಾಗ, ಸಹಿ ಇಲ್ಲದ ಡಿಪಿಆರ್ (ಸವಿವರ ಯೋಜನಾ ವರದಿ). ಈ ಮೂರರಲ್ಲಿ ಒಂದಿದ್ದರೂ ಶಾಸಕರು ಎಷ್ಟೇ ಜೋರಾಗಿ ಮಾತಾಡಿದರೂ ಕೆಲಸ ಆಗದು.

ಪಟ್ಟಿಯ ಅತ್ಯಂತ ದುರ್ಬಲ ಭಾಗ, ನಮ್ಮ ಪ್ರಕಾರ, ಕಾನೂನು ತಿದ್ದುಪಡಿಯ ಬೇಡಿಕೆಗಳು ಇಲ್ಲದಿರುವುದು. ಶಾಸಕರ ಮೂಲ ಕೆಲಸವೇ ಶಾಸನ ಮಾಡುವುದು. ಆದರೆ ಅವರ ಕೈಗೆ ಕೊಡುವ ಕಾಗದದಲ್ಲಿ ಶಾಸನದ ಸುದ್ದಿಯೇ ಇರುವುದಿಲ್ಲ. ಅನಧಿಕೃತ ಬಡಾವಣೆಗಳ ಆಸ್ತಿಯಿಂದ ಕಂದಾಯ ಬಾರದೆ, ಆದರೆ ಅಲ್ಲಿಗೂ ನೀರು, ದೀಪ, ಕಸದ ಗಾಡಿ ಕಳಿಸುತ್ತಾ ಸ್ಥಳೀಯ ಸಂಸ್ಥೆಗಳು ವರ್ಷಗಟ್ಟಲೆ ಏಗಿದವು. 2025ರಲ್ಲಿ ರಾಜ್ಯದಾದ್ಯಂತ ಇಂಥ ಆಸ್ತಿಗಳನ್ನು ಪ್ರತ್ಯೇಕ ದಾಖಲೆಗೆ ತರುವ ಬಿ-ಖಾತಾ ಅಭಿಯಾನ ನಡೆದಾಗ ಆ ಗಂಟು ಸ್ವಲ್ಪ ಸಡಿಲವಾಯಿತು. ಇಂಥ ಬದಲಾವಣೆಗೆ ಒಂದು ಊರಿನ ಹಣ ಬೇಡ, ಒಂದು ಕಲಮಿನ ಭಾಷೆ ಬದಲಾದರೆ ಸಾಕು. ಬೇಡಿಕೆ ಬರೆಯುವಾಗ ಯಾವ ಕಾಯ್ದೆ ಎಂಬುದನ್ನು ನೋಡಿಕೊಳ್ಳಬೇಕು. ಕೊಪ್ಪಳ ನಗರಸಭೆ 1964ರ ಕಾಯ್ದೆಯಡಿ ಬರುತ್ತದೆ, ಬಳ್ಳಾರಿ ಪಾಲಿಕೆ 1976ರ ಕಾಯ್ದೆಯಡಿ. ಇತ್ತೀಚೆಗೆ ನಗರಸಭೆಯಿಂದ ಪಾಲಿಕೆಯಾದ ರಾಯಚೂರು ಒಂದರಿಂದ ಇನ್ನೊಂದಕ್ಕೆ ದಾಟಿದ ಊರು, ಅಲ್ಲಿ ಹಳೆಯ ನಮೂನೆಯ ಪತ್ರದಲ್ಲಿ ಹಳೆಯ ಕಲಂ ಸಂಖ್ಯೆಯೇ ಉಳಿದಿದ್ದರೆ ಅದು ಕಾನೂನು ಶಾಖೆಯಲ್ಲೇ ಬಿದ್ದುಹೋಗುತ್ತದೆ.

ಹುದ್ದೆಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಬೋರ್ಡು ಬದಲಾದಷ್ಟು ಬೇಗ ಹುದ್ದೆ ಮಂಜೂರಾಗುವುದಿಲ್ಲ. ಕೌನ್ಸಿಲ್ ಠರಾವು, ಪೌರಾಡಳಿತ ನಿರ್ದೇಶನಾಲಯ, ನಗರಾಭಿವೃದ್ಧಿ ಇಲಾಖೆ, ಆರ್ಥಿಕ ಇಲಾಖೆ, ಸರ್ಕಾರಿ ಆದೇಶ, ಇದು ದಾರಿ. ಕಡತ ಈಗ ಎಲ್ಲಿದೆ ಎಂಬ ಒಂದು ಸಾಲು, ಕಡತದ ಸಂಖ್ಯೆಯ ಜೊತೆ, ಪಟ್ಟಿಯಲ್ಲಿ ಇರಲಿ.

ಸದನದ ಸಾಧನಗಳ ಬಗ್ಗೆ ಪಟ್ಟಿ ತಯಾರಿಸುವವರಿಗೆ ತಿಳಿವಳಿಕೆ ಬೇಕು, ಯಾಕೆಂದರೆ ಪ್ರಶ್ನೆಯನ್ನು ಹೇಗೆ ಬರೆದಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ‘(ಅ) ನಗರದಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂದು ಕೇಳಿದರೆ ‘(ಅ) ಬಂದಿದೆ. (ಆ) ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಎರಡು ಸಾಲು ಬರುತ್ತದೆ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಅದರ ಬದಲು ‘ಇಂಥ ಸಂಖ್ಯೆಯ ಪ್ರಸ್ತಾವ ನಿರ್ದೇಶನಾಲಯಕ್ಕೆ ಯಾವ ದಿನ ಬಂತು, ಆರ್ಥಿಕ ಇಲಾಖೆಗೆ ಯಾವ ದಿನ ಹೋಯಿತು, ಆಕ್ಷೇಪಣೆ ಏನು, ಉತ್ತರ ಯಾವ ದಿನ ಕೊಡಲಾಯಿತು’ ಎಂದು ಕೇಳಿದರೆ ತಾರೀಕುಗಳು ಮುದ್ರಣವಾಗಿ ಬರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶ. ಅಂಕಿ-ಅಂಶ ಮಾತ್ರ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಒಳ್ಳೆಯದು, ಲಿಖಿತವಾಗಿ ಅನುಬಂಧ ಸಮೇತ ಸಿಗುತ್ತದೆ. ತುರ್ತಿದ್ದರೆ ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ನಿಯಮ 351ರಡಿ ಪ್ರಸ್ತಾಪ. ವಿಧಾನ ಪರಿಷತ್ತಿನಲ್ಲಿ ಅವೇ ಕೆಲಸಕ್ಕೆ ನಿಯಮ 72 ಮತ್ತು 330. ಪಟ್ಟಿಯ ಪ್ರತಿ ಬೇಡಿಕೆಯ ಕೆಳಗೆ ಇಂಥ ಒಂದು ಸಿದ್ಧ ಪ್ರಶ್ನೆ ಟೈಪ್ ಮಾಡಿಟ್ಟರೆ ಶಾಸಕರ ಆಪ್ತ ಸಹಾಯಕರು ಅದನ್ನೇ ಲೆಟರ್‌ಹೆಡ್‌ಗೆ ಹಾಕಿ ಸಚಿವಾಲಯಕ್ಕೆ ಕೊಡಬಹುದು. ಕೌನ್ಸಿಲ್ ಶಾಖೆ ಶಾಸಕರಿಗೆ ಮಾಡಬಹುದಾದ ನಿಜವಾದ ಸಹಾಯ ಇದು.

ಹೊತ್ತು ಮೀರುವುದು ಇನ್ನೊಂದು ದೊಡ್ಡ ದೋಷ. ರಾಜ್ಯ ಬಜೆಟ್ ಫೆಬ್ರವರಿ–ಮಾರ್ಚ್‌ನಲ್ಲಿ ಮಂಡನೆಯಾದರೂ ಇಲಾಖೆಗಳ ಅಂದಾಜು ತಯಾರಾಗುವುದು ಅದಕ್ಕೂ ತಿಂಗಳುಗಳ ಮುಂಚೆ. ಜನವರಿ ಕೊನೆಗೆ ಕೊಟ್ಟ ಮನವಿ ಆ ವರ್ಷದ ಪುಸ್ತಕದಲ್ಲಿ ಸೇರುವ ಸಾಧ್ಯತೆ ಕಡಿಮೆ. ಬಜೆಟ್‌ಗೆ ಬೇಕಾದ ಸಾಲುಗಳು ದಸರಾ ಮುಗಿಯುತ್ತಿದ್ದಂತೆ ಇಲಾಖೆಗೆ ಹೋಗಿರಬೇಕು, ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅವುಗಳ ಮೇಲೆ ಪ್ರಶ್ನೆ ಬರಬೇಕು. ಪ್ರಶ್ನೆಗಳ ನೋಟಿಸು ಅಧಿವೇಶನಕ್ಕೆ ಮುಂಚೆಯೇ ಸಲ್ಲಿಕೆಯಾಗಬೇಕಾದ್ದರಿಂದ ಸದನ ಶುರುವಾದ ದಿನ ಹಾರದ ಜೊತೆ ಕೊಟ್ಟ ಪಟ್ಟಿ ಆ ಅಧಿವೇಶನದ ಪ್ರಶ್ನೆಗಳಿಗೆ ಒದಗುವುದಿಲ್ಲ. ಚುನಾಯಿತ ಕೌನ್ಸಿಲ್ ಇಲ್ಲದೆ ಆಡಳಿತಾಧಿಕಾರಿ ಇರುವ ಅವಧಿಯಲ್ಲಂತೂ ಪಟ್ಟಿಯ ಹಿಂದೆ ಠರಾವೇ ಇರುವುದಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹಳ್ಳಿಗಳ ಕಡೆಯ ಬೇಡಿಕೆಗಳಿಗೆ ಹೀಗೇ ದನಿ ಇಲ್ಲದಂತಾಯಿತು. ಇದು ಸಣ್ಣ ಅನ್ಯಾಯವಲ್ಲ.

ಪಟ್ಟಿ ಕೊಟ್ಟ ಮೇಲಿನ ಸೇವೆಗೆ ಅಂಕವೇ ಕೊಡುವಂತಿಲ್ಲ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತಲು ವಿಧಾನಮಂಡಲದಲ್ಲಿ ಭರವಸೆಗಳ ಸಮಿತಿ ಇದೆ. ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿ, ಅರ್ಜಿಗಳ ಸಮಿತಿಗಳೂ ಇವೆ. ಉತ್ತರದ ಪ್ರತಿ ಹಚ್ಚಿ, ‘ಇಂಥ ದಿನ ಹೇಳಿದ್ದು ಇಂದಿಗೂ ಆಗಿಲ್ಲ’ ಎಂದು ಕೌನ್ಸಿಲ್ ಆ ಸಮಿತಿಗಳಿಗೆ ಬರೆಯುವುದು ಅಪರೂಪ. ಸದನದ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ಪ್ರತಿ ಅಧಿವೇಶನ ಮುಗಿದ ಮೊದಲ ಸಾಮಾನ್ಯ ಸಭೆಯಲ್ಲಿ ‘ಬೇಡಿಕೆ ಪಟ್ಟಿಯ ಅನುಪಾಲನಾ ವರದಿ’ ಎಂಬ ಒಂದು ವಿಷಯವನ್ನು ಅಜೆಂಡಾದಲ್ಲಿ ಸೇರಿಸಲು ಒಬ್ಬ ಸದಸ್ಯರು ಲಿಖಿತವಾಗಿ ಕೇಳಿದರೆ ಸಾಕು.

ಕೌನ್ಸಿಲ್ ಮಾಡದಿದ್ದರೆ ನಾಗರಿಕರು ಮಾಡಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಕಾಗದದ ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹಾಗಾಗಿ ಉದ್ದ ಪೀಠಿಕೆ ಬೇಡ. ಕಳೆದ ಎರಡು ವರ್ಷಗಳಲ್ಲಿ ಶಾಸಕರಿಗೆ ಮತ್ತು ವಿಧಾನ ಪರಿಷತ್ ಸದಸ್ಯರಿಗೆ ಸಲ್ಲಿಸಿದ ಬೇಡಿಕೆ ಪಟ್ಟಿಗಳ ಪ್ರತಿ, ಅವುಗಳ ಹಿಂದಿನ ಠರಾವಿನ ಸಂಖ್ಯೆ ಮತ್ತು ದಿನಾಂಕ, ತಲುಪಿದ್ದಕ್ಕೆ ಪಡೆದ ಸ್ವೀಕೃತಿ, ಬಂದ ಉತ್ತರಗಳು, ಇಷ್ಟೇ ಕೇಳಿ. ಅರ್ಜಿಯನ್ನು ಪಾಲಿಕೆ ಅಥವಾ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ. 30 ದಿನದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ.